ನಿವ್ವಳ ತೂಕ

ಕುಶಾಲನಗರದಿಂದ ಕೂಡಿಗೆಗೆ ಹೋಗುವ ರಸ್ತೆ,
ಎಡಕ್ಕೆ ಕಾಫಿ ಕ್ಯೂರಿಂಗ್ ವರ್ಕ್ಸ್, ಗೇಟಿನ ಪಕ್ಕ ನನ್ನ ಗೂಡು.
ಇಪ್ಪತ್ತೆರಡು ವರ್ಷದಿಂದ ತೂಕದ ಚೀಟಿ ಬರೆಯುತ್ತಿದ್ದೇನೆ.
ತುಂಬಿದ ಲಾರಿ ಹಲಗೆ ಹತ್ತುತ್ತದೆ, ಖಾಲಿಯಾಗಿ ಮತ್ತೆ ಹತ್ತುತ್ತದೆ,
ಅದರಲ್ಲಿ ಇದು ಕಳೆದರೆ ಕಾಫಿ.
ಲಾರಿಯನ್ನು ಯಾರೂ ಕುಡಿಯುವುದಿಲ್ಲ.

ನೂರಹದಿನಾರು ಕಿಲೋ ಇದ್ದೆ.
ಊಟದ ಹೊತ್ತಿಗೆ, ಯಾರೂ ಇಲ್ಲದಾಗ,
ಆ ಹಲಗೆಯ ಮೇಲೆ ನಿಂತರೆ ನೂರಿಪ್ಪತ್ತು ಎನ್ನುತ್ತಿತ್ತು.
ಹತ್ತು ಹತ್ತರಲ್ಲೇ ಎಣಿಸುವ ಯಂತ್ರ,
ನಾಲ್ಕು ಕಿಲೋ ಅದು ಮೇಲಿಂದ ಕೊಟ್ಟದ್ದು.

ಮೈಸೂರಿನಲ್ಲಿ ಹೊಟ್ಟೆಯನ್ನು ಕೋಳಿಮೊಟ್ಟೆಯಷ್ಟು ಮಾಡಿ
ಕರುಳಿಗೊಂದು ಒಳದಾರಿ ಹೊಲಿದು ಕಳಿಸಿದರು.
ಈಗ ಎಪ್ಪತ್ತೇಳು. ಹಲಗೆ ಎಂಬತ್ತು ಎನ್ನುತ್ತದೆ, ಎನ್ನಲಿ.
ಒಂದು ಕಡಂಬುಟ್ಟು ಮುಗಿಸಲು ಅರ್ಧ ಗಂಟೆ,
ಮದುವೆಮನೆಯಲ್ಲಿ ಎಲ್ಲರೂ ಕೈತೊಳೆದು ಬಂದಿರುತ್ತಾರೆ.

ಮೆಡಿಕಲ್ಸಿನ ರಂಶೀನಾ ಗಾಜಿನ ಮೇಲೆ ನಾಲ್ಕು ಡಬ್ಬಿ ಇಟ್ಟಳು.
ಒಂದರ ಮೇಲೆ ಓಡುವ ಹೆಂಗಸು, ಇನ್ನೊಂದರ ಮೇಲೆ ಹಾಲಿನ ಲೋಟ.
"ಇದು ಅಗ್ಗ ಚೋಂದಮ್ಮಕ್ಕ, ಕಾರ್ಬೋನೇಟ್.
ಎಲ್ಲ ಅಜ್ಜಿಯರೂ ಇದನ್ನೇ ಒಯ್ಯುವುದು."
ನಾಲಗೆಗೆ ಒತ್ತಿಕೊಂಡೆ.
ಮೂರನೇ ಕ್ಲಾಸಿನಲ್ಲಿ ಕದ್ದು ತಿಂದ ಬಳಪ.

ಸಂಜೆ ಅಡುಗೆಮನೆಯಲ್ಲಿ ಎರಡು ಬಟ್ಟಲು.
ನೀರಿನಲ್ಲಿ ಹಾಕಿದ ಮಾತ್ರೆ ಪುಡಿಯಾಗಿ ತಳದಲ್ಲಿ ಕೂತಿತು,
ಎಬ್ಬಿಸಿದರೂ ಏಳದ ನೆಂಟನ ಹಾಗೆ.
ಕಾಚಂಪುಳಿಯಲ್ಲಿ ಹಾಕಿದ್ದು ಬುಸ್ಸೆಂದು ನೊರೆಗಟ್ಟಿತು.
"ಪಂದಿಗೆ ಇಟ್ಟದ್ದನ್ನು ಸುಣ್ಣಕ್ಕೆ ಸುರಿದೆಯಲ್ಲ!"
ನಾದಿನಿ ದೇವಕ್ಕಿ ಸೀಸೆ ಕಿತ್ತುಕೊಂಡಳು.

ತೋಟದ ಮಣ್ಣು ಹುಳಿಯೆಂದು ನಾವು ಸುಣ್ಣ ಎರಚುತ್ತೇವೆ.
ಹುಳಿಯಿದ್ದಲ್ಲಿ ಸುಣ್ಣಕ್ಕೆ ಕೆಲಸ.
ನನ್ನ ಮೊಟ್ಟೆಯಷ್ಟು ಹೊಟ್ಟೆಯಲ್ಲಿ ಹುಳಿ ಎಲ್ಲಿಂದ ತರಲಿ?

ಮರುದಿನ ಸಿಟ್ರೇಟ್ ಕೇಳಿದೆ.
ಹುಳಿಯ ಕೈ ಹಿಡಿದುಕೊಂಡೇ ಮನೆಗೆ ಬರುವ ಸುಣ್ಣ,
ನಮ್ಮ ಕಿತ್ತಳೆಯ ಕುಲದ್ದೇ ಹುಳಿಯಂತೆ.
ಡಬ್ಬಿಯ ಮುಂದೆ ದಪ್ಪಗೆ: ಸಾವಿರ.
ಹಿಂದೆ, ಇರುವೆಯ ಸಾಲಿನಲ್ಲಿ: ಅಸಲು ಕ್ಯಾಲ್ಸಿಯಂ ಇನ್ನೂರ ಹತ್ತು.
ನನಗೆ ನಗು ಬಂತು, ರಂಶೀನಾಗೆ ಯಾಕೆಂದು ತಿಳಿಯಲಿಲ್ಲ.
ಅಯ್ಯೋ ಮಗಳೇ, ಇಷ್ಟು ವರ್ಷ ನಾನು ಮಾಡಿದ್ದು ಇದೇ ಲೆಕ್ಕ,
ಏಳುನೂರ ತೊಂಬತ್ತು ಲಾರಿ.

ಹಾಗಾಗಿ ದೊಡ್ಡ ಡಬ್ಬಿಯನ್ನೇ ತಂದೆ, ಮುನ್ನೂರು ಹೆಚ್ಚು ಕೊಟ್ಟು.
ಡಾಕ್ಟರ ಚೀಟಿಯಲ್ಲಿ ದಿನಕ್ಕೆ ಸಾವಿರದ ಇನ್ನೂರು ಅಸಲು,
ಒಂದೇ ಸಲಕ್ಕೆ ಐನೂರು ದಾಟಬಾರದು.
ಬೆಳಗ್ಗೆ ಎರಡು, ಮಧ್ಯಾಹ್ನ ಎರಡು, ರಾತ್ರಿ ಮಲಗುವಾಗ ಎರಡು.
ಕಬ್ಬಿಣದ ಮಾತ್ರೆ ಇದರ ಹತ್ತಿರ ಸುಳಿಯಬಾರದು,
ಎರಡು ಗಂಟೆ ದೂರ, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.
ಆ ನಡುವೆ ಎಲ್ಲೋ ಒಂದು ಚಿಕ್ಕ ಲೋಟ ಕಾಫಿ, ಅದಕ್ಕೂ ಗಡಿಯಾರ.
ಕಾಫಿಯ ಗುಡ್ಡೆಯ ಮುಂದೆ ಕೂತು.

ರಕ್ತ ಪರೀಕ್ಷೆ ಸರಿಯಿದೆ, ಮತ್ತೆ ಯಾಕೆ ಇಷ್ಟು ಎಂದು ದೇವಕ್ಕಿ ಕೇಳುತ್ತಾಳೆ.
ನಮ್ಮ ಹಳೆಯ ಗೋದಾಮಿನ ಉತ್ತಯ್ಯನ ಕತೆ ಹೇಳಿದೆ.
ದಿನವೂ ಸಂಜೆ ಪುಸ್ತಕ ಪೈಸೆಗೆ ಪೈಸೆ ಕೂಡುತ್ತಿತ್ತು.
ಕೊರತೆ ಬಿದ್ದಾಗೆಲ್ಲ ಅವನು ಹಿಂದಿನ ಸಾಲಿನಿಂದ ಒಂದು ಮೂಟೆ ತೆಗೆಯುತ್ತಿದ್ದ,
ಮುಂದಿನ ಸಾಲು ಯಾವತ್ತೂ ತುಂಬಿಯೇ ಇತ್ತು.
ಆಡಿಟ್ಟಿನವನು ಒಮ್ಮೆ ಒರಗಿ ನಿಂತ ನೋಡು,
ಇಡೀ ಅಟ್ಟಿ ಒಳಕ್ಕೆ ಕುಸಿಯಿತು.
ದೇವಕ್ಕಿ ತನ್ನ ಮಣಿಕಟ್ಟು ಹಿಡಿದುಕೊಂಡು ಸುಮ್ಮನಾದಳು.
ಆಮೇಲೆ ಕೇಳಿದಳು, ಆ ಅಗ್ಗದ ಡಬ್ಬಿ ನನಗಾಗುತ್ತದಾ?
ಆಗುತ್ತದೆ. ನಿನಗೆ ಹುಳಿ ಬೇಕಾದಷ್ಟಿದೆ ಎಂದೆ.
ಸೌಟು ಬೀಸಿದಳು.

ಮಧ್ಯಾಹ್ನದ ಮಾತ್ರೆ ನನ್ನ ಗೂಡಿನಲ್ಲೇ.
ಇನ್ನೂ ಹುರಿಯದ ಒಂದಷ್ಟು ಬೀಜ ಅಂಗೈಯಲ್ಲಿಟ್ಟು
ಪಕ್ಕದಲ್ಲಿ ಮಾತ್ರೆ ಇಟ್ಟು ತೂಗಿ ನೋಡುವುದು ಒಂದು ಚಟವಾಗಿದೆ.
ಹೊರಗಿನ ಹಲಗೆಗೆ ಇವೆಲ್ಲ ಕಾಣುವುದೇ ಇಲ್ಲ.
ಆದರೂ ಚೀಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತೇನೆ:
ತಾರೀಕು, ಹೊತ್ತು, ನಾನೂರ ಇಪ್ಪತ್ತು.
ಗಾಡಿ ನಂಬರಿನ ಜಾಗ ಖಾಲಿ.
ತೂಗಿದವರು ಎಂಬಲ್ಲಿ ನನ್ನ ರುಜು.