ತಾರಸಿಯ ಪಾಳಿ

ಚೈತ್ರ ಬಂದದ್ದು ನಮಗೆ ಕೋಗಿಲೆಯಿಂದ ಗೊತ್ತಾಗಲಿಲ್ಲ,
ನೋಟೀಸು ಬೋರ್ಡಿನಿಂದ ಗೊತ್ತಾಯಿತು:
ನಾಳೆಯಿಂದ ತಾರಸಿ ತೆರೆದಿರುತ್ತದೆ.
ಒಣಗಿಸುವವರು ಹೆಸರು ಬರೆಸಬೇಕು.
ಕಾಗೆ ಕಾಯುವ ಪಾಳಿ ಕಡ್ಡಾಯ.
ಕೆಳಗೆ ಮ್ಯಾನೇಜರರ ಸಹಿ, ಅದರ ಕೆಳಗೆ
ಯಾರೋ ಪೆನ್ಸಿಲಿನಲ್ಲಿ ಬರೆದ ಕಾಗೆ.

ಕೋಡಿಬಾಗದ ಈ ನಿವೃತ್ತರ ವಸತಿಯಲ್ಲಿ
ಇಪ್ಪತ್ನಾಲ್ಕು ಕೋಣೆ, ಒಂದೇ ಅಡುಗೆಮನೆ,
ಏಳೂವರೆಗೆ ಗಂಟೆ, ಉಪ್ಪು ಹೆದರಿಕೊಂಡ ಉಪ್ಪಿಟ್ಟು.
ಸ್ವಂತ ಅಡುಗೆ ಎಂದರೆ
ಮೇಲೆ ಬಿಸಿಲಿನಲ್ಲಿ ಬೇಯಿಸಿದ್ದಷ್ಟೇ.

ಇವರು ಮೊಣಕಾಲಿಗೆ ಪಟ್ಟಿ ಕಟ್ಟಿ
ಗೋಣಿತಟ್ಟಿನ ಮೇಲೆ ಸರಿಯುತ್ತ ಸರಿಯುತ್ತ
ಸೀಮೆಸುಣ್ಣದಲ್ಲಿ ಚೌಕ ಎಳೆಯುತ್ತಾರೆ.
ಸೋಂದೆಯ ಭಟ್ಟರ ಹಲಸಿನ ಹಪ್ಪಳ ಪಡುವಣಕ್ಕೆ,
ಎಸ್ಪೆರಾನ್ಸಾ ಬಾಯಿಯ ಒಣ ಶೆಟ್ಲಿ ಮೂಡಣಕ್ಕೆ,
ನಡುವೆ ಎರಡು ಚೌಕ ಖಾಲಿ.
ಹೋದ ವರ್ಷದ ಜಗಳದ ರಾಜಿಪತ್ರ ಅದು.
ಗಾಳಿಗೆ ಮಾತ್ರ ಯಾರೂ ಓದಿ ಹೇಳಿಲ್ಲ;
ಬೆಳಗಿನ ಹತ್ತರವರೆಗೂ ಗುಡ್ಡದ ಕಡೆಯಿಂದ ಬೀಸಿ
ಶೆಟ್ಲಿಯನ್ನು ಹಪ್ಪಳಕ್ಕೆ ಪರಿಚಯಿಸುತ್ತಲೇ ಇರುತ್ತದೆ.

ನಮ್ಮ ಪಾಳಿ ಹನ್ನೊಂದರಿಂದ ಹನ್ನೆರಡು.
ಒಂದು ಕೊಡೆ, ಎರಡು ಕುರ್ಚಿ, ಒಂದು ಕೋಲು.
ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಊರಿನ ಗುಟ್ಟನ್ನೆಲ್ಲ ಕೇಳಿ ಮರೆತ ನನ್ನ ಕಿವಿ
ಈಗ ಮಂದ. ಇವರ ಕಣ್ಣಿಗೆ ಪೊರೆ.
ಕಾಗೆ ಕಂಡರೆ ನಾನು, ಕೂಗಿದರೆ ಇವರು,
ಇಬ್ಬರೂ ಸೇರಿ ಒಬ್ಬ ಕಾವಲುಗಾರ.

ಆಚೆ ಕಾಳಿ ನದಿ, ಸದಾಶಿವಗಡದ ಗುಡ್ಡ.
ಸೇತುವೆ ಇಲ್ಲದ ಕಾಲಕ್ಕೆ ಇವರು
ಲಾಂಚಿನಲ್ಲಿ ಟಿಕೆಟು ಹರಿಯುತ್ತಿದ್ದರು.
‘ಲಾಂಚೂ ಹೋಯಿತು, ಅದನ್ನು ನುಂಗಿದ ಸೇತುವೆಯೂ ಬಿತ್ತು,
ಟಿಕೆಟಿನವನು ಮಾತ್ರ ಇದ್ದೇನೆ ನೋಡು’
ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಊಟ ಸೇರದು.
ತಲೆ ಎಣಿಸುವ ಚಟ ಹೋಗಿಲ್ಲ.
ಮೆಟ್ಟಿಲು ಹತ್ತಿ ಬಂದವರನ್ನು ಎಣಿಸುತ್ತಾರೆ,
ಹದಿನೇಳು, ಹದಿನೆಂಟು,
ಮತ್ತೆ ಮೊದಲಿನಿಂದ.

ಒಂಬತ್ತನೇ ಕೋಣೆಯ ಅನಸೂಯಾ ಹಳದನಕರ
ನೀರಿನ ಟಾಕಿಯ ಪಕ್ಕದ ಮೂಲೆಯೇ ಬೇಕು ಎನ್ನುತ್ತಿದ್ದಳು.
ಅಕ್ಕಿಸಂಡಿಗೆ ಹಾಕಿ ಮೇಲೆ ತನ್ನ ಮದುವೆಯ ವಾಯಲ್ ಸೀರೆ ಹೊದಿಸಿ
ಅಲ್ಲೇ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದಳು.
ಮಾಘದಲ್ಲಿ ಹೋದಳು.
ಇವರು ಈ ಸಲವೂ ಆ ಚೌಕ ಎಳೆದರು,
ನಡುವೆ ಒಂಬತ್ತು ಅಂತ ಬರೆದರು,
ಬರೆದ ಮೇಲೆ ಸೀಮೆಸುಣ್ಣ ನೋಡಿಕೊಂಡರು.
ಅಳಿಸಲು ಒದ್ದೆ ಬಟ್ಟೆ ತಾ ಎನ್ನಲಿಲ್ಲ,
ನಾನೂ ತರಲಿಲ್ಲ.

ಎರಡನೇ ದಿನ ಕಾಗೆ ಬಂದು ಅದರಲ್ಲೇ ಕೂತಿತು.
ಕೋಲು ಎತ್ತಿದ ನನ್ನ ಕೈಯನ್ನು ಭಟ್ಟರು ತಡೆದರು,
‘ಇರಲಿ ಬಿಡಿ, ಯಾರು ಬಂದಿದಾರೋ ಏನೋ.’
ಎಸ್ಪೆರಾನ್ಸಾ ಬಾಯಿ ಶಿಲುಬೆ ಗೀಚಿಕೊಂಡಳು.
ಕಾಗೆ ತಲೆ ಓರೆಮಾಡಿ ನಮ್ಮನ್ನೆಲ್ಲ ನೋಡಿತು,
ಎರಡು ಹೆಜ್ಜೆ ಕುಪ್ಪಳಿಸಿತು,
ಭಟ್ಟರ ಹಪ್ಪಳ ಕಚ್ಚಿ ಹಾರಿತು.
ಮೊದಲ ಚಪ್ಪಲಿ ಎಸೆದವರು ಭಟ್ಟರೇ.
ಅಷ್ಟು ನಕ್ಕದ್ದು ನೆನಪಿಲ್ಲ;
ಇವರ ಹಲ್ಲಿನ ಸೆಟ್ಟು ಕೈಗೆ ಬಂತು.

ಮರುದಿನ ಸಂತೆಯಿಂದ ಮುರುಗಲು ತಂದೆ, ಮೂರು ಕಿಲೋ.
ಬೀಜ ತೆಗೆದು, ಸಿಪ್ಪೆಗೆ ಉಪ್ಪು ಸವರಿ,
ಬುಟ್ಟಿ ಸೊಂಟಕ್ಕಿಟ್ಟು ನಾಲ್ಕು ಸಲ ನಿಂತು ಮೇಲೆ ಹತ್ತಿದೆ.
ನಮ್ಮ ಚೌಕ ಸಾಲದು.
ಇವರ ಮುಖ ನೋಡಿದೆ. ಇವರು ನದಿ ನೋಡಿದರು.
‘ಜಾಗ ಖಾಲಿ ಬಿಟ್ಟರೆ ಕಾಗೆ ಕೂರುತ್ತದೆ’ ಅಂದೆ,
ಒಂಬತ್ತರ ಮೇಲೆ ಪ್ಲಾಸ್ಟಿಕ್ಕೂ ಹಾಸದೆ ಹರವಿದೆ.

ಸಂಜೆ ಬಾಚಿದಾಗ ಸಿಮೆಂಟಿನ ಮೇಲೆ
ಚೌಕದ ತುಂಬ ನೇರಳೆ ಕೆಂಪು.
ಮ್ಯಾನೇಜರು ಬಯ್ದರು. ತೊಳೆದೆ, ಹೋಗಲಿಲ್ಲ.
ಮಳೆಗಾಲಕ್ಕೆ ಹೋಗುತ್ತದೆ ಬಿಡಿ ಅಂದರು ಇವರು.
ರಾತ್ರಿ ನನ್ನ ಬೆರಳು ಮೂಸಿ,
ಹುಳಿ, ಎಂದರು,
ಹಿಡಿದುಕೊಂಡೇ ನಿದ್ದೆಹೋದರು.