ಹದಿನೆಂಟು ಫ್ರೇಮು

ತಾಂಪೆರೆ. ಹಳೆಯ ಹತ್ತಿಗಿರಣಿಯ ಮೂರನೇ ಮಹಡಿ,
ಮಧ್ಯಾಹ್ನ ಮೂರಕ್ಕೇ ಕತ್ತಲು.
ಒಯ್ಲಿ ಗುಂಡಿ ಒತ್ತುತ್ತಾಳೆ; ಅವನು ಉರುಳಿ, ಎದ್ದು,
ಗುಂಡು ಹಾರಿಸುತ್ತಾನೆ.
ಮೂರು ವರ್ಷದಿಂದ ಅವನ ಬೆನ್ನಷ್ಟೇ ಪರಿಚಯ.
ಮುಖ ಬೇರೆ ವಿಭಾಗದವರದು.

ಹನ್ನೆರಡು ಫ್ರೇಮಿನಲ್ಲಿ ಎದ್ದು ನಿಲ್ಲುತ್ತಿದ್ದಾಗ
ಅವನಿಗೆ ಸಾವೇ ಇರಲಿಲ್ಲ, ಆಟಕ್ಕಿತ್ತು.
ಹದಿನೆಂಟಕ್ಕೇರಿಸಿದಳು:
ಮೊಣಕಾಲಿಗೆ ಭಾರ ಬಂತು,
ಮುರುಕು ಗೋಡೆಗೆ ಬೆಲೆ ಬಂತು,
ಮದ್ದು ತುಂಬುವ ಎರಡು ಸೆಕೆಂಡು
ಅವಳದೇ ಉಸಿರು ಗಂಟಲಲ್ಲಿ ನಿಂತಿತು.

"ಇಪ್ಪತ್ತಾರು ಮಾಡಿ ನೋಡು," ಎಂದ ಔಲಿಸ್, ಕಾಫಿ ಕಲಕುತ್ತ.
ಮಾಡಿದಳು.
ಹೆಬ್ಬೆರಳೂ ಅವನೂ ಮಾತು ಬಿಟ್ಟರು.
ಮತ್ತೆ ಹದಿನೆಂಟು.

ರಾತ್ರಿ ಟ್ರಾಮಿಗೆ ಓಡುವಾಗ
ಹೆಪ್ಪುಗಟ್ಟಿದ ರಸ್ತೆಯಲ್ಲಿ ಜಾರಿ ಬಿದ್ದಳು.
ಕೈಯೂರಿ, ಮಂಡಿಯೂರಿ ಏಳುತ್ತ
ಎಣಿಸಿಕೊಂಡಳು: ನೂರಾ ಹತ್ತು.
ಟ್ರಾಮು ಹೋಗಿತ್ತು.