ಹದಿಮೂರುವರಿ ಸುತ್ತು

ಮೂರು ಎಚ್‌ಪಿ ಪಂಪಿನ ಮೋಟಾರು
ಹೊಟ್ಟಿ ತೆರಕೊಂಡು ಮೇಜಿನ ಮ್ಯಾಲ ಮಲಗಿತ್ತು.
ಸುಟ್ಟ ವಾರ್ನಿಶ್ ನಾತ. ಅದರ ಕಳ್ಳು ಕೀಳಾಕ ಹತ್ತಿದ್ನಿ.
ಅರ್ಬಾಜ್ ಬಂದ, ನನ್ನ ತಮ್ಮನ ಮಗ,
ಬಗಲಾಗ ಒಂದು ಬಗ್ಗಿ: ಹಿಂದ ದಪ್ಪ ಗಾಲಿ, ಮುಂದ ಸಣ್ಣವು,
ಮೈತುಂಬ ಗೀರು, ಹುಬ್ಬಳ್ಳಿಯಾಗ ಯಾರೋ ಆಡಿ ಮಾರಿದ್ದು.
ಮೋಟಾರಿನ ಜಾಗ ಮಾತ್ರ
ಬಿದ್ದ ಹಲ್ಲಿನ ಸಂದಿನಂಗ ಖಾಲಿ.

"ಅತ್ತಿ, ಯಾವುದು ಹಾಕ್ಲಿ?"
ಫೋನಿನಾಗ ತೋರಿಸಿದ:
ಮುಷ್ಟಿಯೊಳಗ ಮುಚ್ಚಿಡುವಂಥ ಡಬ್ಬಿಗಳು, ನೀಲಿ, ಬಂಗಾರ, ಕಪ್ಪು,
ಒಂದೊಂದಕ್ಕ ಒಂದೊಂದು ನಂಬರು.
ಆರೂವರಿ. ಎಂಟೂವರಿ. ಹದಿಮೂರುವರಿ. ಹದಿನೇಳುವರಿ.
"ಏನೋ ಇದು, ಚಪ್ಪಲಿ ಸೈಜಾ?"
"ಸುತ್ತು, ಅತ್ತಿ. ತಂತಿ ಸುತ್ತು."

ಆಗ ಇಕ್ಕಳ ಕೆಳಗಿಟ್ನಿ.
ಸುತ್ತು ಅಂದ್ರ ಅದು ನನ್ನ ಮಾತು.
ಅಜ್ಜ ಹತ್ತಿ ಹಿಂಜೋ ನದಾಫ, ಬಿಲ್ಲಿನ ನಾರಿಯ ಕೂಡ ದುಡಿದಾಂವ.
ಅಪ್ಪ ತಾಮ್ರಕ್ಕ ಬಂದ.
ನಾನು ಎಣಿಸಿ ಎಣಿಸಿ ಬೆಳೆದಾಕಿ:
ಗಾಡಿಗೆ ನಲವತ್ತೆರಡು, ನಡುವ ಯಾರರ ಮಾತಾಡಿಸಿದ್ರ
ಮತ್ತ ಒಂದರಿಂದ.

"ಕೇಳಿಲ್ಲಿ. ಸುತ್ತು ಕಡಿಮಿ ಆದಷ್ಟು ತಂತಿ ದಪ್ಪ,
ಬ್ಯಾಟರಿ ಗಟಗಟ ಕುಡಿತೈತಿ,
ಓಡತೈತಿ, ಉರಿತೈತಿ.
ಸುತ್ತು ಹೆಚ್ಚಾದ್ರ ಸಾವಕಾಶ, ತಣ್ಣಗ,
ಒಂದೊಂದು ಆಂಪಿಯರನ್ನೂ ವಹಿಯಾಗ ಬರಿಯೋ
ಅಡತಿ ಅಂಗಡಿ ಗುಮಾಸ್ತನಂಗ."
"ಆರೂವರಿ," ಅಂದ ಅಂವ.
"ಎಲ್ಲಿ ಓಡಸಾಂವ?"

ಎಲ್ಲಿ ಅಂತ ಗೊತ್ತಿದ್ದೇ ಕೇಳಿದ್ನಿ.
ಬ್ಯಾಸಗಿಗೆ ಹಿನ್ನೀರು ಸರಿದು
ಬಾಗಲಕೋಟಿಯ ಹಳಿ ಪ್ಯಾಟಿ ಬೆನ್ನು ತೋರಿಸ್ತೈತಲ್ಲ, ಅಲ್ಲಿ.
ಒಣಗಿ ಸೀಳಿದ ರಾಡಿ, ಸಿಂಪಿ ಚೂರು, ಜಾಲಿಮುಳ್ಳು,
ಯಾರೋ ಬಿಟ್ಟುಹೋದ ಕಟ್ಟಿಗಲ್ಲು.
"ಅಲ್ಲಿ ವೇಗ ತಗೊಂಡು ಏನ್ಮಾಡ್ತಿ?
ಸೀಳಿನಾಗ ಗಾಲಿ ಸಿಕ್ಕಾಗ ಎಳಕೊಂಡು ಬರಬೇಕು, ಅಷ್ಟ.
ಬ್ರಶ್ ಇರೋದು ಅಗ್ಗ, ಖರೆ. ಆ ಧೂಳಿಗೆ ಕಾರ್ಬನ್ ತಿಂಗಳೂ ತಾಳೂದಿಲ್ಲ.
ಬ್ರಶ್ ಇಲ್ಲದ್ದು ತಗೋ. ಸೆನ್ಸರ್ ಇರಲಿ,
ಇಲ್ಲಂದ್ರ ಹೊಂಡುವಾಗ ತೊದಲತೈತಿ,
ಸಾಲಿಯಾಗ ಎಬ್ಬಿಸಿ ನಿಲ್ಲಿಸಿದ ಹುಡುಗನಂಗ.
ಹದಿಮೂರುವರಿ. ಮುಗೀತು."
ಹಬ್ಬದ ದಿನ ಅಣ್ಣನ ಹಳಿ ಅಂಗಿ ಕೊಟ್ಟಂಗಾತು
ಅವನ ಮುಖ.

ಕೊರಿಯರ್ ಬರಾಕ ಎಂಟು ದಿನ.
ಸಣ್ಣ ಗಿಯರಿನ ಹಲ್ಲು ಎರಡು ಇಳಿಸಿದ್ವಿ,
ಹಲ್ಲಿಗೂ ಹಲ್ಲಿಗೂ ನಡುವ ಬಸ್ ಟಿಕೀಟಿನ ಚೂರು ಇಟ್ಟು
ಸಂದು ಹಿಡಿದ್ವಿ. ಟಿಕೀಟು ಹರಿಯಬಾರದು,
ಬರೇ ನಿರಿಗಿ ಬೀಳಬೇಕು.

ಐತವಾರ ಅಲ್ಲಿ ಹೋಗಿ ಬಿಟ್ಟ.
ನಾಲ್ಕು ಸುತ್ತು ಆದಮ್ಯಾಲ ನಿಲ್ಲಿಸಿ, ಡಬ್ಬಿಗೆ ಬೆರಳಿಟ್ನಿ.
ಐದು ಎಣಿಸೂತನಕ ತಡೀತು.
"ನೋಡಿದೇನು?" ಅಂದ್ನಿ. ಅಂವ ಏನೂ ಅನ್ನಲಿಲ್ಲ.
ಅಪ್ಪನ ಅಂಗಡಿ ಇಲ್ಲೇ ಎಲ್ಲೋ ಇರಬೇಕು,
ಖಾತ್ರಿ ಹೇಳಾಕ ಬರೂದಿಲ್ಲ,
ನೀರು ಎಲ್ಲಾರ ಹೊಸ್ತಿಲಾನೂ ಒಂದ ಎತ್ತರಕ್ಕ ತಂದೈತಿ.
ಬಗ್ಗಿ ಒಂದು ಕಲ್ಲು ಹತ್ತಿ, ಹಾರಿ, ಆಕಡೆ ಇಳೀತು.

"ಒಮ್ಮಿ ನೀ ಹಿಡಿ, ಅತ್ತಿ."
ನಲವತ್ತೆಂಟು ವರ್ಷ, ಸ್ಕೂಟಿ ಸೈತ ಕಲಿತಾಕಿ ಅಲ್ಲ ನಾನು.
ಒಂದು ಬೆರಳಿನ ಕೆಲಸ.
ಧೂಳಿನ ಬಾಲ ಎದ್ದಿತು,
ನೀರಿನ ದಂಡಿಗೆ ನಿಂತಿದ್ದ ಕೊಕ್ಕರಿ ಎದ್ದವು.
ತುದಿತನಕ ಒತ್ತಿದ್ನಿ. ಮುಂದ ಒತ್ತಾಕ ಜಾಗ ಇರಲಿಲ್ಲ.
ಮತ್ತೂ ಒತ್ತಿದ್ನಿ.

ನವನಗರಕ್ಕ ವಾಪಸ್ ನಡಕೊಂಡು ಬರುವಾಗ
ಅಂವ ಗಾಲಿಯ ಮಣ್ಣು ಕಡ್ಡಿಲೆ ಕೆರೀತಿದ್ದ.
ಅವನ ಕಡೆ ನೋಡದ ಕೇಳಿದ್ನಿ:
"ಆ ಆರೂವರಿ ಇತ್ತಲ್ಲ,
ಅದಕ್ಕೆಷ್ಟಂದಿದ್ದಿ?"